ಕೀಲಿಮಣೆಗೊಂದು ಬೀಗ



ಕಳೆದ ತಿಂಗಳು ಬೆಂಗಳೂರಿನಲ್ಲಿ ಬಂಧುಗಳೊಬ್ಬರ ಹೊಸ ಮನೆಗೆ ಹೋಗಿದ್ದೆ. ಹಜಾರದ ಮೂಲೆಯಲ್ಲಿ ಒಂದು ಹಳೆಯ ಪಿಯಾನೋ ನಿಂತಿತ್ತು. ಯಾವುದೋ ಬಂಗಲೆಯ ಸಾಮಾನುಗಳ ಮಾರಾಟದಲ್ಲಿ ಕೊಂಡು ತಂದು, ಮೆರುಗು ಕೊಡಿಸಿ ನಿಲ್ಲಿಸಿದ್ದಂತೆ. ಅದರ ಮೇಲೊಂದು ಕ್ರೋಶಾ ಹೊದಿಕೆ. ಹೊದಿಕೆಯ ಮೇಲೆ ಮದುವೆಯ ಫೋಟೋ, ಬೆಳ್ಳಿಯ ಚೌಕಟ್ಟಿನ ತಿಮ್ಮಪ್ಪ, ನೀರು ತುಂಬಿದ ಒಂದು ಹೂದಾನಿ. ಮನೆಯ ಮೊಮ್ಮಗಳು, ಎಂಟು ವರ್ಷದವಳಿರಬೇಕು, ನನ್ನನ್ನು ಅದರ ಬಳಿಗೆ ಎಳೆದುಕೊಂಡು ಹೋಗಿ ಮುಚ್ಚಳಕ್ಕೆ ಕೈಹಾಕಿದಳು. "ಮುಟ್ಟಬೇಡ, ಹಾಳಾಗುತ್ತೆ!" ಎಂಬ ಕೂಗು ಅಡುಗೆಮನೆಯಿಂದ ಬಂತು. ಮುಚ್ಚಳಕ್ಕೆ ಬೀಗ ಹಾಕಿಯೇ ಇತ್ತು. ಕೂಗುವ ಅಗತ್ಯವೂ ಇರಲಿಲ್ಲ.

ಆ ಬಂಧುಗಳೂ ಈ ಪುಟಗಳನ್ನು ಓದುತ್ತಾರೆಂಬುದನ್ನು ಬಲ್ಲೆ. ಅವರ ಮನೆಯ ಕಾಫಿ ಬಹಳ ಚೆನ್ನಾಗಿತ್ತು; ಉಪಚಾರದಲ್ಲಿ ಒಂದು ಕೊರತೆಯೂ ಇರಲಿಲ್ಲ. ಆದರೂ ಅಂದು ನಾಲಗೆಯ ತುದಿಗೆ ಬಂದು ನಿಂತ ಮಾತನ್ನು ಇಂದು ಬರೆದೇ ತೀರಬೇಕೆನಿಸಿದೆ. ಪಿಯಾನೋ ಮಕ್ಕಳು ಮುಟ್ಟುವುದರಿಂದ ಹಾಳಾಗುವುದಿಲ್ಲ. ಯಾರೂ ಮುಟ್ಟದಿರುವುದರಿಂದ ಹಾಳಾಗುತ್ತದೆ.

ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನೂ ವೀಣೆ, ತಂಬೂರಿಗಳನ್ನೂ ಪೂಜೆಗಿಟ್ಟು, ಮುಟ್ಟದೆ ಬಿಡುವ ಪದ್ಧತಿ ನಮ್ಮಲ್ಲಿದೆ. ಸುಂದರವಾದ ಪದ್ಧತಿ, ನಾನೂ ಪಾಲಿಸುತ್ತೇನೆ. ಆದರೆ ಪೂಜೆ ಮುಗಿದ ಮೇಲೆ ವಾದ್ಯವನ್ನು ಕೆಳಗಿಳಿಸಿ ಶ್ರುತಿ ಮಾಡಿ ನುಡಿಸಬೇಕೆಂಬುದೂ ಆ ಪದ್ಧತಿಯ ಭಾಗವೇ. ನಮ್ಮ ಮನೆಗಳಲ್ಲಿ ಆ ಒಂದು ದಿನ ವರ್ಷಪೂರ್ತಿಗೆ ಹಿಗ್ಗಿದೆ. ಅಜ್ಜಿಯ ವೀಣೆ ಗಾಜಿನ ಕಪಾಟಿನಲ್ಲಿದೆ. ಮೆಟ್ಟಿಲುಗಳನ್ನು ಹಿಡಿದಿಟ್ಟಿರುವ ಮೇಣ ಬಿರುಕು ಬಿಟ್ಟಿರುವುದನ್ನು ಯಾರೂ ನೋಡಿಲ್ಲ. ತಂಬೂರಿ ಗೋಡೆಗೆ ಒರಗಿದೆ. ಅದರ ಜೀವಾಳದ ನೂಲು ಎಂದೋ ಕಳಚಿ ಬಿದ್ದಿದೆ. ಪಿಯಾನೋ ಈ ಸಾಲಿಗೆ ಹೊಸದಾಗಿ ಸೇರಿದ ದೇವರು, ಅಷ್ಟೆ.

ಇನ್ನೊಬ್ಬರ ಮನೆಯ ಬೀಗವನ್ನು ಬೈಯುವ ಮೊದಲು ನನ್ನ ಜೇಬಿನಲ್ಲಿದ್ದ ಬೀಗದ ಕೈಯ ಕಥೆಯನ್ನು ಹೇಳಬೇಕು. ನಿಮ್ಮಲ್ಲಿ ಅನೇಕರಿಗೆ ಅದು ಗೊತ್ತು. ಮಲೆನಾಡಿನ ನಮ್ಮ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ, ವೇದಿಕೆಯ ಎಡಕ್ಕೆ, ಹಸಿರು ಬಟ್ಟೆ ಹೊದ್ದು ನಿಂತಿದ್ದ ಆ ದೊಡ್ಡ ಪೆಟ್ಟಿಗೆಯನ್ನು ನೀವು ಮರೆತಿರಲಾರಿರಿ. ಊರು ಬಿಟ್ಟು ಹೋದ ಕಾಫಿ ತೋಟದ ದೊರೆಯೊಬ್ಬ ಶಾಲೆಗೆ ಕೊಟ್ಟು ಹೋದದ್ದೆಂದು ಹೇಳುತ್ತಿದ್ದರು. 1994ರಿಂದ 2005ರವರೆಗೆ, ಹನ್ನೊಂದು ವರ್ಷ, ದಾಸ್ತಾನು ಪುಸ್ತಕ ನನ್ನ ವಶದಲ್ಲಿತ್ತು. ಪಿಯಾನೋದ ಬೀಗದ ಕೈಯೂ. ಪುಸ್ತಕದ ಹೆಸರು 'ಡೆಡ್ ಸ್ಟಾಕ್ ರಿಜಿಸ್ಟರ್'. ಬೆಂಚು, ಮೇಜು, ಕಬ್ಬಿಣದ ಬೀರು, ಪಿಯಾನೋ ಒಂದು. ಪ್ರತಿ ಮಾರ್ಚಿನಲ್ಲಿ 'ಇದೆ' ಎಂಬ ಕಾಲಮಿನಲ್ಲಿ ಗೀಟು ಎಳೆದು ಸಹಿ ಹಾಕುತ್ತಿದ್ದೆ. ಇತ್ತು, ನಿಜ. ಹೇಗಿತ್ತು ಎಂದು ಕೇಳುವ ಕಾಲಮು ಆ ಪುಸ್ತಕದಲ್ಲಿ ಇರಲಿಲ್ಲ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಒಮ್ಮೆ ಬಂದು, "ಸರ್, ಊಟದ ಬಿಡುವಿನಲ್ಲಿ ಹತ್ತು ನಿಮಿಷ ನುಡಿಸಲೇ?" ಎಂದು ಕೇಳಿದಳು. ಚರ್ಚಿನ ಆರ್ಗನ್ನಿನಲ್ಲಿ ಸ್ವಲ್ಪ ಕಲಿತಿದ್ದಳಂತೆ. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಬಂದಳು. ಹೆಡ್‌ಮಾಸ್ಟರನ್ನು ಕೇಳಬೇಕು ಎಂದೆ. ಕೇಳಲಿಲ್ಲ. ಮೂರನೆಯ ಸಲ ಕೇಳಿದಾಗ, "ಅದು ಹಾಳಾದರೆ ನನ್ನ ಸಂಬಳದಿಂದ ಹಿಡಿಯುತ್ತಾರಮ್ಮ" ಎಂದು ನಕ್ಕು ಕಳುಹಿಸಿದೆ. ಅವಳು ನಗಲಿಲ್ಲ. ಮರುವರ್ಷ ಅವಳ ತಂದೆಗೆ ಬೇರೆ ತೋಟದಲ್ಲಿ ಕೆಲಸ ಸಿಕ್ಕಿ ಅವರು ಊರು ಬಿಟ್ಟರು. ಆ ದಿನಗಳಲ್ಲೇ ನಾನು ವಿಜ್ಞಾನದ ತರಗತಿಯಲ್ಲಿ ಶಬ್ದದ ಪಾಠ ಮಾಡುತ್ತಿದ್ದೆ. 256 ಎಂದು ಕೆತ್ತಿದ ಶ್ರುತಿಕವೆಯನ್ನು ರಬ್ಬರಿನ ಮೇಲೆ ಬಡಿದು ಮೇಜಿಗೆ ಮುಟ್ಟಿಸಿ, "ಕೇಳಿಸಿತೇ?" ಎಂದು ನಿಮ್ಮನ್ನೆಲ್ಲ ಕೇಳುತ್ತಿದ್ದೆ. ಹಿಂದಿನ ಬೆಂಚಿನವರಿಗೆ ಕೇಳಿಸುತ್ತಿರಲಿಲ್ಲ. ಇಪ್ಪತ್ತು ಮಾರು ದೂರದಲ್ಲಿ, ಇನ್ನೂರಕ್ಕೆ ಹತ್ತಿರ ತಂತಿಗಳುಳ್ಳ ಅತ್ಯುತ್ತಮ ಶಬ್ದೋಪಕರಣಕ್ಕೆ ನಾನೇ ಬೀಗ ಹಾಕಿಟ್ಟಿದ್ದೆ.

2011ರಲ್ಲಿ ಹಳೆಯ ಸಾಮಾನುಗಳನ್ನು ಹರಾಜಿಗಿಟ್ಟರು. ಗುಜರಿಯವನೊಬ್ಬ ಪಿಯಾನೋದ ಹಿಂಬದಿಗೆ ಹೋಗಿ, ಮುಂಬದಿಗೆ ಬಂದು, ಒಳಗಿನ ಬೀಡು ಕಬ್ಬಿಣದ ತೂಕವನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಆ ನೋಟ ತಡೆಯಲಾಗಲಿಲ್ಲ. ಅವನಿಗಿಂತ ಐನೂರು ರೂಪಾಯಿ ಹೆಚ್ಚಿಗೆ ಕೂಗಿದೆ. ಒಟ್ಟು ಆರು ಸಾವಿರ ರೂಪಾಯಿ, ಮೈಸೂರಿನ ಮನೆಗೆ ಸಾಗಿಸಲು ಮತ್ತೆ ಅಷ್ಟೇ. ಮನೆಯಾಕೆ ಏನೆಂದಳೆಂಬುದು ಈ ಲೇಖನದ ವಿಷಯವಲ್ಲ.

ಮನೆಯಲ್ಲಿ ಮುಂಬದಿಯ ಹಲಗೆಗಳನ್ನು ಬಿಚ್ಚಿದಾಗ ಕಂಡದ್ದನ್ನು ಇದ್ದಂತೆಯೇ ಹೇಳುತ್ತೇನೆ. ಕೆಳಗಡೆ ಇಲಿಯ ಗೂಡು. ಗೂಡಿಗೆ ಬಳಸಿದ್ದು ವಾದ್ಯದ್ದೇ ಕೆಂಪು ಫೆಲ್ಟು. ಸುತ್ತಿಗೆಗಳ ತಲೆಯ ಉಣ್ಣೆಯನ್ನು ನುಸಿ ತಿಂದು ಹಳ್ಳ ಮಾಡಿತ್ತು. ತಂತಿಗಳಿಗೆ ತುಕ್ಕು, ಮಂದ್ರದ ತಾಮ್ರ ಸುತ್ತಿದ ತಂತಿಗಳು ಹಸಿರುಗಟ್ಟಿದ್ದವು. ಮರದ ಕೀಲುಗಳು ಮಳೆಗಾಲದ ತೇವಕ್ಕೆ ಊದಿಕೊಂಡು ಹಿಡಿದುಬಿಟ್ಟಿದ್ದವು. ದಂತದ ಬಿಳಿ ಮನೆಗಳು (ಹಾರ್ಮೋನಿಯಮ್ಮಿನವರ ಮಾತಿನಲ್ಲೇ ಅವನ್ನು ಮನೆಗಳೆನ್ನುತ್ತೇನೆ) ಹಳೆಯ ಹಲ್ಲಿನಂತೆ ಹಳದಿಯಾಗಿದ್ದವು. ದಂತಕ್ಕೆ ಬೆಳಕು ಬೇಕು. ಕತ್ತಲಲ್ಲಿ ಮುಚ್ಚಿಟ್ಟರೆ ಅದು ಹಳದಿಗಟ್ಟುತ್ತದೆ. ರಕ್ಷಣೆಗೆಂದು ನಾನು ಹಾಕಿದ ಬೀಗವೇ ಅದರ ಬಣ್ಣ ಕೆಡಿಸಿತ್ತು.

ಇನ್ನು ಮಕ್ಕಳ ಅಪರಾಧದ ಕುರುಹುಗಳು. ಒಟ್ಟು 85 ಮನೆಗಳನ್ನು ಒಂದೊಂದಾಗಿ ಎತ್ತಿ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿದೆ. ಪ್ರತಿಯೊಂದರ ಮೇಲೂ ಸಂಖ್ಯೆ ಒತ್ತಿರುತ್ತದೆ. ಆದ್ದರಿಂದ ಅದಲುಬದಲಾಗುವ ಭಯವಿಲ್ಲ. ಕೆಳಗಿನ ಧೂಳಿನಲ್ಲಿ ಸಿಕ್ಕಿದ್ದು: ಎರಡು ತಲೆಪಿನ್ನು, ಒಂದು ಸೀಮೆಸುಣ್ಣದ ತುಂಡು, ಒಂದು ಹುಣಸೆ ಬೀಜ, ಒಂದು ನಯಾ ಪೈಸೆ. ನಯಾ ಪೈಸೆ ಚಲಾವಣೆಗೆ ಬಂದದ್ದು 1957ರಲ್ಲಿ. 1964ರಲ್ಲಿ 'ನಯಾ' ಎಂಬ ಮಾತು ಬಿಟ್ಟುಹೋಯಿತು. ಎಂದರೆ ಆ ಕಾಲದಲ್ಲೋ ಅದರ ಆಸುಪಾಸಿನಲ್ಲೋ ಮಕ್ಕಳ ಕೈಗಳು ಆ ಮನೆಗಳ ಮೇಲೆ ಓಡಾಡಿದ್ದವು. ಅವರಿಂದಾದ ಹಾನಿ ಎಷ್ಟು? ಮಧ್ಯದ ಎರಡು ಮನೆಗಳ ದಂತ ಬೆರಳು ತಾಕಿ ತಾಕಿ ತುಸು ತಗ್ಗಾಗಿತ್ತು. ಅಷ್ಟೇ. ಉಳಿದ ಹಾನಿಯೆಲ್ಲವೂ ಬೀಗದ್ದು, ಎಂದರೆ ನನ್ನಂಥ ಜವಾಬ್ದಾರಿಯುತ ಸಿಬ್ಬಂದಿಯದು.

ಮಗು ಗುದ್ದಿದರೆ ತಂತಿ ಹರಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲಿ ಸ್ವಲ್ಪ ಪಾಠ ಮಾಡಲು ಅನುಮತಿ ಕೊಡಿ. ಬೆರಳು ಒತ್ತಿದ ಮನೆ ನೇರವಾಗಿ ತಂತಿಗೆ ಬಡಿಯುವುದಿಲ್ಲ. ಅದು ಸುತ್ತಿಗೆಯನ್ನು ತಂತಿಯ ಕಡೆಗೆ ಎಸೆದು, ತಂತಿ ಇನ್ನೂ ಎರಡು ಮೂರು ಮಿಲಿಮೀಟರ್ ದೂರವಿರುವಾಗಲೇ ಕೈಬಿಡುತ್ತದೆ. ಆ ಕೊನೆಯ ಅಂತರವನ್ನು ಸುತ್ತಿಗೆ ಸ್ವತಂತ್ರವಾಗಿ ಹಾರಿ, ಬಡಿದು, ಹಿಂದಕ್ಕೆ ಬೀಳುತ್ತದೆ. ಇಟಲಿಯ ಕ್ರಿಸ್ಟೊಫೊರಿ 1700ರ ಸುಮಾರಿಗೆ ಕಂಡುಹಿಡಿದದ್ದು ಇದನ್ನೇ. ಪಿಯಾನೋ ಎಂಬ ವಾದ್ಯದ ಗುಟ್ಟೇ ಇದು. ತಂತಿಗಳಾದರೋ ಒಟ್ಟು ಸುಮಾರು 16ರಿಂದ 20 ಟನ್ನುಗಳ ಎಳೆತವನ್ನು ಹಗಲೂ ರಾತ್ರಿ ಹೊತ್ತು ನಿಂತಿರುತ್ತವೆ. ಅಷ್ಟನ್ನು ತಾಳುವ ವಾದ್ಯ ಎಂಟು ವರ್ಷದ ಮಗುವಿನ ಮುಷ್ಟಿಯನ್ನು ತಾಳಲಾರದೇ? ಮೇಲಿಟ್ಟ ಹೂದಾನಿ ಉರುಳಿ ಅರ್ಧ ಲೋಟ ನೀರು ಒಳಗಿಳಿದರೆ ಮಾತ್ರ, ಹತ್ತು ಮಕ್ಕಳು ಹತ್ತು ವರ್ಷ ಗುದ್ದಿದರೂ ಆಗದ ನಷ್ಟ ಒಂದೇ ದಿನದಲ್ಲಿ ಆಗುತ್ತದೆ. ಆ ಮನೆಯಲ್ಲಿ ಬೈಸಿಕೊಳ್ಳಬೇಕಾದದ್ದು ಹುಡುಗಿಯಲ್ಲ.

ನುಡಿಸುವ ಮನೆಯಲ್ಲಿ ದೋಷ ಆ ದಿನವೇ ತಿಳಿಯುತ್ತದೆ. ಒಂದು ಸ್ವರ ಮೇಲೇಳದಿದ್ದರೆ, ಒಂದು ತಂತಿ ಗುಂಯ್‌ಗುಟ್ಟಿದರೆ ಕಿವಿಗೆ ಬೀಳುತ್ತದೆ. ಯಾರಾದರೂ ಮುಚ್ಚಳ ತೆಗೆದು ನೋಡುತ್ತಾರೆ. ನುಸಿಗೆ ಬೇಕಾದದ್ದು ಕತ್ತಲೆ, ನಿಶ್ಚಲತೆ. ದಿನವೂ ಅಲ್ಲಾಡುವ ಉಣ್ಣೆಯಲ್ಲಿ ಅದು ಸಂಸಾರ ಹೂಡುವುದಿಲ್ಲ. ಹಾಗೆಂದು ನುಡಿಸಿದ ಮಾತ್ರಕ್ಕೇ ಎಲ್ಲವೂ ಸರಿಹೋಗುತ್ತದೆ ಎನ್ನಲಾರೆ. ನಾದಫಲಕವೆಂಬುದು ತೆಳುವಾದ ಮರದ ಹಲಗೆ. ಜೂನ್ ಬಂದೊಡನೆ ತೇವ ಕುಡಿದು ಉಬ್ಬಿ ತಂತಿಗಳನ್ನು ಬಿಗಿಯುತ್ತದೆ, ಮಾರ್ಚಿನಲ್ಲಿ ಒಣಗಿ ಸಡಿಲಿಸುತ್ತದೆ. ಆದ್ದರಿಂದ ನುಡಿಸಿದರೂ ನುಡಿಸದಿದ್ದರೂ ಶ್ರುತಿ ಕದಲುತ್ತದೆ. ವರ್ಷಕ್ಕೆ ಒಂದು ಸಲ, ಸಾಧ್ಯವಾದರೆ ಎರಡು ಸಲ ಶ್ರುತಿ ಮಾಡಿಸಬೇಕು. "ನಾವು ನುಡಿಸುವುದೇ ಇಲ್ಲ, ಅದಕ್ಕೇಕೆ ಟ್ಯೂನಿಂಗ್?" ಎಂಬ ವಾದವನ್ನು ಮೂರು ಮನೆಗಳಲ್ಲಿ ಕೇಳಿದ್ದೇನೆ. ಊಟ ಮಾಡುವುದಿಲ್ಲ, ಆದ್ದರಿಂದ ಹಲ್ಲುಜ್ಜುವುದಿಲ್ಲ ಎಂಬ ಹಾಗಿದೆ ಅದು.

ಇನ್ನೊಂದು ಗುಂಪಿನವರಿದ್ದಾರೆ: ಮೊಬೈಲಿನಲ್ಲಿ ವಿಡಿಯೋ ನೋಡಿ, ಎಲ್ಲವನ್ನೂ ತಾವೇ ಮಾಡಲು ಹೊರಟವರು. ಅವರ ಉತ್ಸಾಹವನ್ನು ಮೆಚ್ಚುತ್ತೇನೆ. ನಾನೂ ಅದೇ ಗುಂಪಿನವನು. ಆದರೆ ನನ್ನ ಪಿಯಾನೋ ಸರಿಹೋದದ್ದು ನನ್ನ ಕೈಗುಣದಿಂದಲ್ಲ. ಮೊದಲು ಕರೆಸಿದ ರಿಪೇರಿಯವನು, ಬಿಗಿಯಾಗಿದ್ದ ಪಿನ್ನುಗಳು ಸುಲಭವಾಗಿ ತಿರುಗಲೆಂದು ಅವುಗಳ ಬುಡಕ್ಕೆ ಎಣ್ಣೆ ಸಿಂಪಡಿಸಿ, ಎರಡು ಗಂಟೆಯಲ್ಲಿ ಕೆಲಸ ಮುಗಿಸಿ, ಹಣ ಪಡೆದು ಹೋದ. ತಂತಿ ಸುತ್ತಿದ ಆ ಉಕ್ಕಿನ ಪಿನ್ನುಗಳನ್ನು ಹಿಡಿದಿಡುವುದು ಮರದ ಘರ್ಷಣೆಯೊಂದೇ, ತಿರುಪಿಲ್ಲ, ಚಿಲಕವಿಲ್ಲ. ಮರಕ್ಕೆ ಎಣ್ಣೆ ಕುಡಿಸಿದರೆ ಹಿಡಿತ ಹೋಯಿತೆಂದೇ ಅರ್ಥ. ನಾಲ್ಕೇ ದಿನದಲ್ಲಿ ಸ್ವರಗಳು ಒಂದೊಂದಾಗಿ ಜಾರತೊಡಗಿದವು. ವಿಜ್ಞಾನದ ಮೇಷ್ಟರಾಗಿ, ಘರ್ಷಣೆಯ ಪಾಠವನ್ನು ವರ್ಷಗಟ್ಟಲೆ ಮಾಡಿದವನು, ಪಕ್ಕದಲ್ಲಿ ಟಾರ್ಚು ಹಿಡಿದು ನಿಂತು ಅದನ್ನು ನೋಡುತ್ತಿದ್ದೆ!

ಕೊನೆಗೆ ಬೆಂಗಳೂರಿನಿಂದ ಬಂದ ವೃದ್ಧ ಟ್ಯೂನರೊಬ್ಬರು ಅವುಗಳಲ್ಲಿ 27 ಪಿನ್ನುಗಳನ್ನು ಕಿತ್ತು ಒಂದಳತೆ ದಪ್ಪನೆಯ ಪಿನ್ನು ಬಡಿದರು. ಮೊದಲ ದಿನ ಅವರು ಶ್ರುತಿಗೆ ಕೈಹಾಕಲೇ ಇಲ್ಲ. ಮಲೆನಾಡಿನ ತೇವದಿಂದ ಬಂದ ಮರ ಮೈಸೂರಿನ ಗಾಳಿಗೆ ಹೊಂದಿಕೊಳ್ಳಲಿ, ಎರಡು ತಿಂಗಳು ಬಿಡಿ ಎಂದರು. ಆ ಎರಡು ತಿಂಗಳಲ್ಲಿ ನಾನು ಮಾಡಬಹುದಾದ ಕೆಲಸಗಳನ್ನು ಹೇಳಿಕೊಟ್ಟರು. ಮೃದುವಾದ ಬ್ರಷ್ ಹಿಡಿದು ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು ತೆಗೆಯುವುದು. ಹಿಡಿದುಕೊಂಡ ಮನೆಗಳ ಕೆಳಗಿನ ಫೆಲ್ಟನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಸಡಿಲಿಸುವುದು. ವಾದ್ಯವನ್ನು ಹೊರಗೋಡೆಯಿಂದಲೂ ಕಿಟಕಿಯ ಬಿಸಿಲಿನಿಂದಲೂ ದೂರ ಸರಿಸುವುದು. ಬೇವಿನ ಒಣ ಎಲೆಯ ಗಂಟನ್ನು ಕೆಳಗಿಡುವುದು. ದಂತವನ್ನು ಒದ್ದೆ ಬಟ್ಟೆಯಿಂದ ಉಜ್ಜಬಾರದೆಂದೂ ಹೇಳಿದ್ದರು. ಕೇಳಲಿಲ್ಲ, ಎರಡು ಚೂರು ಎದ್ದು ಕೈಗೆ ಬಂದವು.

ಶ್ರುತಿ ಮಾಡುವ ದಿನ ಅವರ ಪಕ್ಕದಲ್ಲಿ ಕುಳಿತಿದ್ದೆ. ನನ್ನ ಜೀವನದಲ್ಲಿ ಶಬ್ದದ ಪಾಠವನ್ನು ನಾನು ಕಲಿತದ್ದು ಅಂದು. ತಾರದ ಒಂದೊಂದು ಸ್ವರಕ್ಕೂ ಮೂರು ತಂತಿ. ಎರಡರ ನಡುವೆ ಫೆಲ್ಟಿನ ಬೆಣೆ ತುರುಕಿ ಮೌನವಾಗಿಸಿ, ಒಂದನ್ನು ಸರಿಪಡಿಸಿ, ಆಮೇಲೆ ಉಳಿದವನ್ನು ಒಂದೊಂದಾಗಿ ಅದಕ್ಕೆ ಸೇರಿಸುವುದು. ಎರಡು ತಂತಿಗಳು ಸೇರದಿದ್ದರೆ 'ವೊಂವ್ ವೊಂವ್' ಎಂಬ ಬಡಿತ. ಸೇರುತ್ತ ಬಂದಂತೆ ಬಡಿತ ನಿಧಾನವಾಗಿ, ನಿಂತು, ಎರಡು ತಂತಿ ಒಂದಾಗುತ್ತದೆ. ಆದರೆ ಬೇರೆ ಬೇರೆ ಸ್ವರಗಳ ನಡುವೆ ಬಡಿತವನ್ನು ಪೂರ್ತಿ ನಿಲ್ಲಿಸುವಂತಿಲ್ಲ! ಷಡ್ಜ-ಪಂಚಮದ ಶುದ್ಧ ಅನುಪಾತ 3:2. ಅದರಂತೆ ಹನ್ನೆರಡು ಪಂಚಮಗಳನ್ನು ಏರಿದರೆ ಮೂಲದ 129.75 ಪಟ್ಟು, ಏಳು ಸ್ಥಾಯಿಗಳನ್ನು ಏರಿದರೆ 128 ಪಟ್ಟು. ಎರಡೂ ಒಂದೇ ಮನೆಗೆ ಬಂದು ನಿಲ್ಲಬೇಕು, ಆದರೆ ಲೆಕ್ಕ ಕೂಡುವುದಿಲ್ಲ. ಆ ವ್ಯತ್ಯಾಸವನ್ನು ಹನ್ನೆರಡು ಪಂಚಮಗಳಿಗೂ ಸಮನಾಗಿ ಹಂಚಿ, ಪ್ರತಿಯೊಂದನ್ನೂ ಕೂದಲೆಳೆಯಷ್ಟು ಕುಗ್ಗಿಸುತ್ತಾರೆ. ಮಧ್ಯ ಸ್ಥಾಯಿಯ ಒಂದು ಪಂಚಮದಲ್ಲಿ ನಾಲ್ಕು ಸೆಕೆಂಡಿಗೆ ಮೂರು ಬಡಿತ ಉಳಿಯಬೇಕು. ಹಿರಿಯರು ಕಣ್ಣು ಮುಚ್ಚಿ ಅದನ್ನು ಎಣಿಸುತ್ತಿದ್ದರು. ನನಗೆ ಕೇಳಿಸಲು ಒಂದು ಗಂಟೆ ಬೇಕಾಯಿತು. ಹಿಂದಿನ ಬೆಂಚಿನಲ್ಲಿ ಕುಳಿತ ಅನುಭವ ನನಗೂ ಆಯಿತು, ಒಳ್ಳೆಯದೇ.

ಶಾಲೆಯ ಶ್ರುತಿಕವೆಯೊಂದನ್ನು ನಿವೃತ್ತ ಸಹೋದ್ಯೋಗಿಯೊಬ್ಬರಿಂದ ತಂದಿಟ್ಟಿದ್ದೆ. ಅದನ್ನು ಹೆಮ್ಮೆಯಿಂದ ಮುಂದಿಟ್ಟಾಗ ಅವರು ನಕ್ಕರು. ಪ್ರಯೋಗಾಲಯದ ಕವೆಯ ಸಂಖ್ಯೆ 256. ಇಂದಿನ ಪಿಯಾನೋದಲ್ಲಿ ಅದೇ ಸ್ವರ ಸುಮಾರು 261.6. ಆದರೂ ಸ್ವಲ್ಪ ಯೋಚಿಸಿ, "ಈ ಮುದುಕನಿಗೆ ನಿಮ್ಮ ಇಸ್ಕೂಲಿನ ಶ್ರುತಿಯೇ ಕ್ಷೇಮ, ಪೂರ್ತಿ ಮೇಲೆಳೆದರೆ ತುಕ್ಕು ಹಿಡಿದ ತಂತಿ ಹರಿದೀತು" ಎಂದರು. ಮೂರು ಭೇಟಿಗಳಲ್ಲಿ, ಹಂತಹಂತವಾಗಿ, ಅಲ್ಲಿಗೆ ತಂದು ನಿಲ್ಲಿಸಿದರು. ಇಂದಿಗೂ ನಮ್ಮ ಪಿಯಾನೋ ಲೋಕದ ಶ್ರುತಿಗಿಂತ ಸ್ವಲ್ಪ ಕೆಳಗಿದೆ. ಪಕ್ಕದಲ್ಲಿ ಬೇರೆ ವಾದ್ಯವಿಲ್ಲದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಏಕೆ, ಇಪ್ಪತ್ತು ಸಾವಿರಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬರುತ್ತದಲ್ಲ ಎಂದು ನನ್ನ ಅಳಿಯ ಕೇಳುತ್ತಾನೆ. ಬರುತ್ತದೆ, ಅದರ ಶ್ರುತಿಯೂ ಕೆಡುವುದಿಲ್ಲ. ಕಲಿಯಲು ಹೊರಟ ಮಗುವಿಗೆ ಅದನ್ನೇ ಕೊಡಿಸಿರಿ, ನನ್ನ ತಕರಾರಿಲ್ಲ. ಪಿನ್ನು ಹಿಡಿಯುವ ಮರವೇ ಸೀಳಿದ, ಕಬ್ಬಿಣದ ಚೌಕಟ್ಟು ಬಿರಿದ ಪಿಯಾನೋಗಳೂ ಉಂಟು. ಅವನ್ನು ಬೀಳ್ಕೊಡುವುದೇ ವಿವೇಕ. ನನ್ನ ಜಗಳ ಇರುವುದು ಇದ್ದೂ ಇಲ್ಲದಂತೆ ಇಟ್ಟುಕೊಳ್ಳುವವರೊಂದಿಗೆ. ಮ್ಯೂಸಿಯಮ್ಮಿನಲ್ಲಿ ನುಡಿಸದೆ ಇಡುವುದಿಲ್ಲವೇ ಎಂದರೆ, ಇಡುತ್ತಾರೆ. ಆದರೆ ಅಲ್ಲಿ ಗಾಳಿಯ ತೇವವನ್ನು ಅಳೆಯುವ ಯಂತ್ರವಿದೆ, ತಿಳಿದವರಿದ್ದಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಕ್ರಿಸ್ಟೊಫೊರಿಯ 1720ರ ಪಿಯಾನೋವನ್ನು ಕೂಡ ನುಡಿಸಿ ಧ್ವನಿಮುದ್ರಿಸಿಕೊಂಡಿದ್ದಾರೆ. ನಮ್ಮ ಹಜಾರಗಳಲ್ಲಿರುವುದು ಕ್ರೋಶಾ ಹೊದಿಕೆ ಮಾತ್ರ.

"ಅದು ನಮ್ಮ ಸಂಗೀತದ ವಾದ್ಯವಲ್ಲವಲ್ಲ" ಎಂಬ ಮಾತು ಇನ್ನೊಂದು. ಅದರಲ್ಲಿ ಗಮಕ ಬರುವುದಿಲ್ಲ, ಒಪ್ಪಿದೆ. ಆದರೆ ಮೈಸೂರಿನಲ್ಲಿ ನಿಂತು ಈ ಮಾತನ್ನಾಡುವುದು ವಿಚಿತ್ರ. ಜಯಚಾಮರಾಜ ಒಡೆಯರು ಪಿಯಾನೋವನ್ನು ಶ್ರದ್ಧೆಯಿಂದ ಕಲಿತವರು. ರಷ್ಯದ ಮೆಟ್ನರ್ ಎಂಬ ವಾಗ್ಗೇಯಕಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಆತನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅದೇ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ನಮ್ಮ ರಾಗಗಳಲ್ಲಿ ರಚಿಸಿದರು. ಒಂದು ಕಿವಿ ಇನ್ನೊಂದನ್ನು ಕೆಡಿಸಲಿಲ್ಲ.

ಶಾಲೆಗಳಲ್ಲಿ ಇನ್ನೂ ಪಾಠ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಬೀರುವಿನಲ್ಲಿ ಹಾರ್ಮೋನಿಯಮ್ ಇದೆಯೇ, ತಬಲ ಇದೆಯೇ, ಸೂಕ್ಷ್ಮದರ್ಶಕ ಇದೆಯೇ, ನೋಡಿ. ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಹಾಳಾದರೆ ಸಂಬಳದಿಂದ ಹಿಡಿಯುತ್ತಾರೆಂಬ ಭಯ ನಿಜವಾದದ್ದೇ. ನಾನೂ ಅದರಲ್ಲಿ ಬದುಕಿದವನು. ಆದರೆ ಹನ್ನೊಂದು ವರ್ಷ ಬೀಗ ಹಾಕಿ ಇಟ್ಟು ಹಾಳುಮಾಡಿದ್ದಕ್ಕೆ ನನ್ನ ಸಂಬಳದಿಂದ ಒಂದು ಪೈಸೆಯನ್ನೂ ಯಾರೂ ಹಿಡಿಯಲಿಲ್ಲ. ಪ್ರತಿ ಮಾರ್ಚಿನಲ್ಲಿ ಲೆಕ್ಕಪರಿಶೋಧಕರು ಬಂದು, ಸಹಿ ನೋಡಿ, ಸರಿಯಾಗಿದೆ ಎಂದು ಬರೆದು ಹೋದರು.

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅವಳ ಸಂಪರ್ಕವಿದ್ದರೆ, ಮೇಷ್ಟರು ಅನುಮತಿ ಕೊಟ್ಟಿದ್ದಾರೆಂದು ತಿಳಿಸಿ. ಬಹಳ ತಡವಾಯಿತೆಂದು ಮೇಷ್ಟರಿಗೂ ಗೊತ್ತಿದೆಯೆಂದು ಹೇಳಿ.

ಬೆಂಗಳೂರಿನ ಬಂಧುಗಳು ಸಿಟ್ಟಾಗದಿದ್ದರೆ, ದಸರಾ ರಜೆಯಲ್ಲಿ ಮೊಮ್ಮಗಳನ್ನು ನಮ್ಮಲ್ಲಿಗೆ ಕಳುಹಿಸಲಿ. ಮುಚ್ಚಳ ತೆರೆದೇ ಇರುತ್ತದೆ. ತಾರದ ಕಡೆಯ ಒಂದು ಕಪ್ಪು ಮನೆ ಈ ಮಳೆಗಾಲದಲ್ಲಿ ಮತ್ತೆ ಹಿಡಿದುಕೊಂಡಿದೆ; ಅದನ್ನು ಒತ್ತಿದರೆ ಮೇಲೇಳುವುದಿಲ್ಲ, ಬೆರಳಿನಿಂದ ಎತ್ತಬೇಕು. ಟ್ಯೂನರು ಬರುವುದು ಮಳೆ ನಿಂತ ಮೇಲೆ, ನವೆಂಬರಿನಲ್ಲಿ. ಅವರು ಬರುವುದರೊಳಗೆ ಎಷ್ಟು ಬೇಕಾದರೂ ಗುದ್ದಬಹುದು.